ಉಡ ತೋರಿಸಿದ ಏಳನೇ ಪಾಯಿಂಟ್

"ಮಾಸ್ತರ್ರ, ಹುಬ್ಬಳ್ಳ್ಯಾಗ ಇದ ಮೊದಲನೇ ತಂತಿ ಉಡ!" ಎಂದು ವೀರಭದ್ರಪ್ಪ ಹೂಗಾರರು ಮೇಜಿನ ಮೇಲಿನ ಬಟ್ಟೆಯನ್ನು ಸರಕ್ಕನೆ ಎಳೆದರು.

ಅವರು ನನ್ನ ಪಕ್ಕದ ಮನೆಯವರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಯಂತ್ರ ಕಟ್ಟುವುದೇ ಅವರ ಕೆಲಸ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಬಟ್ಟೆಯಡಿ ಇದ್ದದ್ದು ಆರು ಕಾಲಿನ ತಗಡಿನ ಪ್ರಾಣಿ; ಮೂತಿಗೆ ಡ್ರಿಲ್, ಹೊಟ್ಟೆಯಲ್ಲಿ ಕೇಬಲ್ ಸುರುಳಿ.

"ಯಾರು ಎಲ್ಲಿ ಕುಂತು ನೆಟ್ ನೋಡತಾರ ಅಂತ ಎಂಟು ದಿನದಿಂದ ಗಮನಿಸೇತ್ರಿ. ಎಲ್ಲಿ ಬೇಕೋ ಅಲ್ಲಿಗಷ್ಟ ಕೇಬಲ್ ಎಳೀತೈತಿ. ಎಲ್ಲಾ ಕೇಬಲ್ಲೂ ನಡುಮನಿ ಪೆಟ್ಟಿಗಿಗೆ ಬಂದು ಸೇರತಾವು. ಒಂದೊಂದಕ್ಕೂ ನಂಬರ್ ಚೀಟಿ!"

"ಹೋದ ಸಲದ್ದು ನನ್ನ ರೊಟ್ಟಿ ಹಂಚಿಗೆ ತೂತು ಹೊಡೀತು," ಎಂದರು ಅವರ ಹೆಂಡತಿ ನೀಲಮ್ಮ. "ಇದೂ ತಪ್ಪಿದ್ರ ಎಲ್ಲಾ ಬಿಚ್ಚಿ ಗುಜರಿಗೆ ಹಾಕ್ತೀನಿ ಅಂತ ಮಾತು ಕೊಟ್ಟೀರಿ!"

ಪರದೆಯ ಮೇಲೆ ನಕ್ಷೆ ಮೂಡಿತು. ಆರು ಕೋಣೆಗೆ ಆರು ಚುಕ್ಕೆ. ಏಳನೆಯದು ಎಲ್ಲಕ್ಕಿಂತ ದೊಡ್ಡದು, ಕೆಂಪಗೆ, ಗೋಡೆಯಾಚೆ... ನನ್ನ ಮಲಗುವ ಕೋಣೆಯಲ್ಲಿ!

ನನ್ನ ಕಿವಿಗಳು ಬಿಸಿಯಾದವು. ಹೋದ ದಸರೆಯಲ್ಲಿ ಒಂದೇ ಒಂದು ಫೋಟೊ ಕಳಿಸಲೆಂದು ನೀಲಮ್ಮನವರಿಂದ ಅವರ ಮನೆಯ ನೆಟ್ಟಿನ ಪಾಸ್‌ವರ್ಡ್ ಪಡೆದಿದ್ದೆ. ಆಮೇಲೆ ಅಳಿಸಲೇ ಇಲ್ಲ. ದಿನಾ ಮಧ್ಯಾಹ್ನ ಆ ಗೋಡೆಗೆ ಒರಗಿ ನಾಲ್ಕು ತಾಸು ಕುಸ್ತಿ ನೋಡುತ್ತಿದ್ದೆ. ಓಣಿಯವರ ಮುಂದೆ ಮಾತ್ರ, ನೆಟ್ ಮನುಷ್ಯನನ್ನು ಕೆಡಿಸುತ್ತದೆ ಎಂದು ಭಾಷಣ!

"ನಿಮ್ಮ ಮನ್ಯಾಗ ನೆಟ್ಟ ಇಲ್ಲಲ್ರಿ?" ಎಂದರು ವೀರಭದ್ರಪ್ಪ.

"ಇಲ್ರೀ! ನಿಮ್ಮ ಉಡಕ್ಕ ಭ್ರಮಿ ಹಿಡದೈತಿ," ಅಂದುಬಿಟ್ಟೆ.

ವೀರಭದ್ರಪ್ಪನವರ ಮುಖ ಬಾಡಿತು. ಆರು ತಿಂಗಳ ದುಡಿಮೆ. ಉಡವನ್ನು ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಚಹಾ ಕುಡಿಯುತ್ತ ಕುಳಿತೆ.

ಸ್ಕ್ರೂಡ್ರೈವರ್ ತಾಗಿದ್ದೇ ತಡ, ಗುರ್ರ್! ಉಡ ಗೋಡೆ ಹತ್ತಿತು!

"ಬಾಲ ಹಿಡೀರಿ!"

ಹಿಡಿದರೆ ಬಾಲವೇ ಕೇಬಲ್. ಎಳೆದಷ್ಟೂ ಬರುತ್ತಲೇ ಇತ್ತು! ನೀಲಮ್ಮ ಕಸಬರಿಗೆ ಬೀಸಿದರೆ ಉಡ ಅದಕ್ಕೂ ಒಂದು ನಂಬರ್ ಚೀಟಿ ಅಂಟಿಸಿ, ಗೋಡೆ ಕೊರೆದು ಮಾಯವಾಯಿತು. ಮರುಗಳಿಗೆಯೇ ನಮ್ಮ ಮನೆಯಿಂದ ನನ್ನ ಹೆಂಡತಿಯ ಕೂಗು: "ಅಯ್ಯೋ! ಗ್ವಾಡ್ಯಾಗಿಂದ ಏನೋ ಬಂತ್ರೀ!"

ಎಲ್ಲರೂ ಓಡಿದೆವು. ಹಾಸಿಗೆ ತುಂಬ ಗಾರೆ. ನನ್ನ ದಿಂಬಿನ ನೆತ್ತಿಗೆ ಸರಿಯಾಗಿ ಉಡ ಒಂದು ಸಾಕೆಟ್ ಕೂರಿಸಿ ಚೀಟಿ ಅಂಟಿಸಿತ್ತು: "೭. ಅತಿ ಹೆಚ್ಚು ಬಳಕೆ." ಅಷ್ಟಕ್ಕೇ ಬಿಡದೆ, ದಿಂಬಿನ ಮೇಲಿದ್ದ ನನ್ನ ಫೋನಿಗೂ ತಂತಿ ಸಿಕ್ಕಿಸಿತು. ನಿನ್ನೆ ನಿಲ್ಲಿಸಿದ್ದ ಕಡೆಯಿಂದಲೇ ಇಬ್ಬರು ಪೈಲ್ವಾನರು ಕೋಣೆ ನಡುಗುವಂತೆ ತೊಡೆ ತಟ್ಟಿದರು!

ಹೆಂಡತಿ ನನ್ನ ಮುಖ ನೋಡಿದಳು. ನಾನು ಗಾರೆ ನೋಡಿದೆ.

"ತಪ್ಪಾತ್ರಿ," ಎಂದೆ. "ಉಡದ್ದಲ್ಲ, ನಂದು."

ವೀರಭದ್ರಪ್ಪನವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ಖರೇನ ಕದ್ದು ನೋಡೀರೇನ್ರಿ?"

"ಖರೇನ್ರಿ."

"ನೀಲಾ! ಮಾಸ್ತರ್ರು ಕಳ್ಳರಂತ! ನನ್ನ ಯಂತ್ರ ಸರಿ ಐತಿ!" ಎನ್ನುತ್ತ ಬೀದಿಗೆ ಓಡಿ, ಈ ಶುಭವಾರ್ತೆಯನ್ನು ಓಣಿಗೆಲ್ಲ ಸಾರಿದರು.

ಈಗ ಉಡ ನೋಡಲು ಬಂದವರನ್ನೆಲ್ಲ ಮೊದಲು ನನ್ನ ಕೋಣೆಗೇ ಕರೆತರುತ್ತಾರೆ. ಸಾಕೆಟ್ಟಿನ ಪಕ್ಕದಲ್ಲಿ ನಾನೂ ನಿಂತಿರಬೇಕಂತೆ. ಸಾಕ್ಷಿ ಇಲ್ಲದಿದ್ದರೆ ಜನ ನಂಬುವುದಿಲ್ಲವಂತೆ.