ನಾಲ್ಕು ಬೊಟ್ಟು ಕುಂಕುಮ ಮತ್ತು ಗ್ರೀಸಿನ ಸಮುದ್ರ

ಇಪ್ಪತ್ತೆಂಟು ವರ್ಷ ಚಿತ್ರದುರ್ಗದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಮುದ್ರೆ ಒತ್ತಿದವಳು ನಾನು. ಎದುರಿಗೆ ಬಂದವರನ್ನೆಲ್ಲ "ಒರಿಜಿನಲ್ ತಂದಿದ್ದೀರಾ?" ಎಂದು ಕೇಳಿ ಕೇಳಿ ಗಂಟಲು ಒಣಗಿತ್ತು. ನಿವೃತ್ತಿಯಾಯಿತು, ಯಜಮಾನರೂ ಹೋದರು. ಇನ್ನು ಕಾಗದಪತ್ರದ ಸಹವಾಸವೇ ಬೇಡ ಎಂದು ಎರ್ಲಾಂಗೆನ್‌ನಲ್ಲಿರುವ ಮಗಳ ಮನೆಗೆ ಬಂದೆ. ಕಾಗದದಿಂದ ತಪ್ಪಿಸಿಕೊಳ್ಳಲು ಜರ್ಮನಿಗೆ ಬಂದವಳು ಬಹುಶಃ ನಾನೊಬ್ಬಳೇ.

ಇಲ್ಲಿ ನಮಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ದೋಣಿಯ ವಿಷಯದಲ್ಲಿ ಆದದ್ದಕ್ಕೆ ಪೂರ್ತಿ ನಾನೇ ಕಾರಣ. ಅಳಿಯ ಗ್ರೀಸಿನಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡರು. ಅದು ಅವರ ಎಷ್ಟೋ ವರ್ಷದ ಆಸೆ. ಮಗಳಿಗೆ ಸಿಕ್ಕಿದ್ದು ಒಂದೇ ವಾರದ ರಜೆ. ಆ ಆಸೆ, ಆ ರಜೆ ಎರಡನ್ನೂ ನಾನು ಉಂಗುರದ ಬೆರಳಿನ ತುದಿಯಿಂದ ಮುಳುಗಿಸಲಿದ್ದೆ.

೧. ಅಡುಗೆಮನೆಯಲ್ಲಿ ಅಪಾಯದ ಕರೆ

ದೋಣಿ ನಡೆಸಲು ಒಂದು ಪರೀಕ್ಷೆಯಂತೆ, ದೋಣಿಯ ರೇಡಿಯೋದಲ್ಲಿ ಮಾತಾಡಲು ಇನ್ನೊಂದಂತೆ. ಅಳಿಯ ಚಳಿಗಾಲವಿಡೀ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದಿದರು. ಗಂಟು ಹಾಕುವ ಅಭ್ಯಾಸಕ್ಕೆ ನನ್ನ ಲಂಗದ ಲಾಡಿ ಹೋಯಿತು. ಅದನ್ನು ಬಿಚ್ಚಲು ಇವತ್ತಿಗೂ ಯಾರಿಗೂ ಆಗಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರು ಸೌಟನ್ನು ಬಾಯಿಯ ಹತ್ತಿರ ಹಿಡಿದು, "ಮೇಡೇ! ಮೇಡೇ! ಮೇಡೇ! ನಾವು ಮುಳುಗುತ್ತಿದ್ದೇವೆ!" ಎಂದು ಜರ್ಮನ್‌ನಲ್ಲಿ ಕೂಗಿದರು. ಎರಡೇ ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಹೆಂಗಸು ನಿಂತಿದ್ದಳು. ನನ್ನದೇ ವಯಸ್ಸು, ನಗರಸಭೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು.

"ಯಾರು ಮುಳುಗುತ್ತಿರುವುದು?"

"ಯಾರೂ ಇಲ್ಲ," ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. "ನನ್ನ ಅಳಿಯ ಓದುತ್ತಿದ್ದಾರೆ."

ಅವಳು ಗಡಿಯಾರ ನೋಡಿದಳು. "ಇವತ್ತು ಭಾನುವಾರ, ಸದ್ದು ಮಾಡುವ ಹಾಗಿಲ್ಲ. ಮುಳುಗುವುದಿದ್ದರೆ ನಾಳೆ ಎಂಟರ ಮೇಲೆ ಮುಳುಗಲಿ."

೨. ಶುಕ್ರವಾರದ ಪೂಜೆ

ವಸಂತದಲ್ಲಿ ದೋಣಿಯ ನೋಂದಣಿ ಪತ್ರ ಬಂತು. ದಪ್ಪ ಕಾಗದ, ಮೇಲೆ ಜರ್ಮನ್ ಸರ್ಕಾರದ ಹದ್ದಿನ ಚಿತ್ರ. ಅಳಿಯ ಅದನ್ನು ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿ, ಇಟ್ಟಿಗೆಯಂಥ ಫೈಲಿಗೆ ಸೇರಿಸಿ ಆಫೀಸಿಗೆ ಹೋದರು.

ಅಂದು ಶುಕ್ರವಾರ. ನಮ್ಮಲ್ಲಿ ಸ್ಕೂಟರ್ ಕೊಂಡರೂ ಅದರ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚದೆ ಒಳಗಿಟ್ಟವರಿಲ್ಲ. ಇದು ನೀರಿನ ಮೇಲೆ ಹೋಗುವ ವಸ್ತು, ಮೇಲಾಗಿ ನನಗೆ ಈಜು ಬರುವುದಿಲ್ಲ. ಪತ್ರವನ್ನು ಹೊರಗೆ ತೆಗೆದು ದೇವರ ಮುಂದೆ ತಟ್ಟೆಯಲ್ಲಿಟ್ಟೆ. ಕುಂಕುಮಕ್ಕೆ ಒಂದು ತೊಟ್ಟು ತುಪ್ಪ ಕಲಸಿ ನಾಲ್ಕು ಮೂಲೆಗೂ ಒಂದೊಂದು ಬೊಟ್ಟಿಟ್ಟೆ. ಕೈ ಮುಗಿದೆ. ಮನಸ್ಸಿಗೆ ಎಷ್ಟೋ ಹಗುರವಾಯಿತು.

ಹಗುರವಾಗಿದ್ದದ್ದು ಹತ್ತು ನಿಮಿಷ. ನಮ್ಮ ಪಾರ್ಸೆಲ್ ಕೊಡಲು ಬಂದ ಕೆಳಗಿನ ಮನೆಯವಳು ತಟ್ಟೆಯ ಕಡೆ ನೋಡಿ ಕನ್ನಡಕ ಹಾಕಿಕೊಂಡಳು. ಕಾಗದ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿದಳು.

"ಇದರ ಮೇಲೆ ಯಾರಾದರೂ ಏನಾದರೂ ಸೇರಿಸಿದರೆ ಪತ್ರ ಅಸಿಂಧು ಅಂತ ಬರೆದಿದೆ."

"ನಾನು ಏನೂ ಬರೆದಿಲ್ಲ. ಅದು ದೇವರದ್ದು."

"ದೇವರು ಅಂತ ವಿನಾಯಿತಿ ಏನೂ ಕೊಟ್ಟಿಲ್ಲ," ಎಂದಳು. ಪಾಪ, ಮತ್ತೊಮ್ಮೆ ಓದಿ ನೋಡಿಯೇ ಹೇಳಿದಳು.

ಇಬ್ಬರೂ ಸೇರಿ ರಬ್ಬರಿನಿಂದ ಉಜ್ಜಿದೆವು, ಬ್ರೆಡ್ಡಿನ ತಿರುಳಿನಿಂದ ಒತ್ತಿದೆವು. ತುಪ್ಪ ಬಿಡುತ್ತದೆಯೇ? ಸಾಸಿವೆಯಷ್ಟಿದ್ದ ಬೊಟ್ಟು ನಾಣ್ಯದಷ್ಟಾಯಿತು. ಹೊಸ ಪತ್ರಕ್ಕೆ ಅರ್ಜಿ ಹಾಕಿದರೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದಳು ಅವಳು. ಮಗಳ ರಜೆಗೆ ಅಷ್ಟು ದಿನ ಉಳಿದಿರಲಿಲ್ಲ. ಪತ್ರವನ್ನು ಹಿಂದುಮುಂದಾಗಿ ಪ್ಲಾಸ್ಟಿಕ್ಕಿನೊಳಗೆ ತೂರಿಸಿ, ಬಿಪಿ ಮಾತ್ರೆ ನುಂಗಿ ಕೂತೆ. ಕೆಳಗಿನವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು: "ಹೆದರಬೇಡ. ನಾನು ಯಾರಿಗೂ ಹೇಳುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತೇನೆ."

೩. ವಿಮೆ ಓದಿದ ಹೆಂಗಸು

ದೋಣಿಯ ವಿಮೆಯ ಪತ್ರ ಗ್ರೀಕ್ ಭಾಷೆಯಲ್ಲೂ ಇರಬೇಕಂತೆ. ವಿಮೆಯವರು ಕಳಿಸಿದರು, ಆದರೆ ಅದರಲ್ಲಿ ಏನಿದೆಯೋ ನಮಗೆ ಹೇಗೆ ಗೊತ್ತಾಗಬೇಕು? ತಪ್ಪಿದ್ದರೆ ಬಂದರಿನಲ್ಲೇ ಹಿಡಿಯುತ್ತಾರೆ ಎಂದು ಅಳಿಯನಿಗೆ ದಿಗಿಲು. ನನ್ನ ದಿಗಿಲಿನ ಪಕ್ಕದಲ್ಲಿ ಅದು ಏನೂ ಅಲ್ಲ, ಆದರೂ ಜೊತೆಗೆ ಹೋದೆ.

ಊರಿನ ಗ್ರೀಕ್ ಹೋಟೆಲಿನ ಮಾಲೀಕ ಕಾಗದ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನಾಚಿಕೊಂಡು, "ನಾನು ಹುಟ್ಟಿದ್ದು ನ್ಯೂರ್ನ್‌ಬೆರ್ಗ್‌ನಲ್ಲಿ. ಮೆನು ಆದರೆ ಓದುತ್ತೇನೆ," ಎಂದು ಒಳಗಿದ್ದ ತಾಯಿಯನ್ನು ಕರೆದ.

ಕೈಯ ಹಿಟ್ಟು ಒರೆಸಿಕೊಳ್ಳುತ್ತ ಕಪ್ಪು ಬಟ್ಟೆಯ ಮುದುಕಿ ಬಂದಳು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಸಿಡಿಲು, ಬೆಂಕಿ, ಬಂಡೆಗೆ ಬಡಿಯುವುದು, ನೀರು ನುಗ್ಗುವುದು, ಒಂದೊಂದಕ್ಕೂ ಎದೆಯ ಮೇಲೆ ಶಿಲುಬೆ ಮಾಡಿಕೊಂಡಳು. ಮುಗಿಸಿ, ಅಳಿಯನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಕಾಗದ ಸರಿಯಾಗಿದೆ. ಆದರೆ ಇದನ್ನು ಓದಿದ ಮೇಲೂ ಹೋಗುತ್ತೀರಾ?"

೪. ಒಂದು ಗೇಣು ಹೆಚ್ಚು

ಗ್ರೀಸಿನ ನೀರಿಗೆ ಇಳಿಯಲು ತೆರಿಗೆ ಉಂಟು. ದೋಣಿ ಉದ್ದವಿದ್ದಷ್ಟೂ ಅದು ಹೆಚ್ಚು. ಹತ್ತು ಮೀಟರಿನ ಒಳಗಿದ್ದರೆ ಒಂದು ದರ, ದಾಟಿದರೆ ಇನ್ನೊಂದು. ಸ್ಕ್ಯಾನ್ ಮಾಡಿಟ್ಟಿದ್ದ ಪತ್ರದ ಪ್ರಕಾರ ದೋಣಿ ಹತ್ತು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಆದರೆ ಕೊಳ್ಳಲು ಹೋದಾಗ ಅಳಿಯ ನನ್ನ ಹೊಲಿಗೆಯ ಟೇಪಿನಲ್ಲಿ ಅಳೆದಿದ್ದರು. ಆ ಲೆಕ್ಕದಲ್ಲಿ ಒಂದು ಗೇಣು ಹೆಚ್ಚು.

"ಬಂದರಿನವರು ಅಳೆದರೆ?" ಅಳಿಯ ಬೆವೆತರು.

"ರೀ, ಸರ್ಕಾರದ ಕಾಗದಕ್ಕಿಂತ ಅಮ್ಮನ ಟೇಪು ದೊಡ್ಡದಾ?" ಎಂದಳು ಮಗಳು.

"ಅಳತೆ ಅಂದರೆ ಅಳತೆ ಕಣೇ. ನಾನು ಎಂಜಿನಿಯರ್."

ಮೂರು ದಿನ ಚರ್ಚೆ ನಡೆದು ಕೊನೆಗೆ ಪತ್ರದಲ್ಲಿದ್ದಂತೆಯೇ ತೆರಿಗೆ ಕಟ್ಟಿದರು. ಆದರೂ ಅಳಿಯನಿಗೆ ಊಟ ಸೇರಲಿಲ್ಲ. ನಾನು ಟೇಪು ತೆಗೆದು ನೋಡಿದೆ. ತುದಿ ಹರಿದಿತ್ತೆಂದು ಮೊದಲ ಮೂರು ಸೆಂಟಿಮೀಟರನ್ನು ನಾನೇ ಯಾವಾಗಲೋ ಕತ್ತರಿಸಿ ಎಸೆದಿದ್ದೆ! ಒಂದೂವರೆ ಮೀಟರಿನ ಟೇಪನ್ನು ಏಳು ಸಲ ಹಾಸಿ ಅಳೆದರೆ ಒಂದು ಗೇಣು ಬೆಳೆಯದೆ ಇನ್ನೇನು? ಇದನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ, "ಅತ್ತೆ, ಇನ್ನೇನಾದರೂ ಉಂಟೋ?" ಎಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡೆ.

೫. ನಾಲ್ಕು ಮುದ್ರೆ

ಗ್ರೀಸಿನ ಬಂದರು ಪೊಲೀಸರ ಕಚೇರಿ ಎಂದರೆ ಒಂದು ಕೋಣೆ, ಒಂದು ಫ್ಯಾನು, ಒಬ್ಬ ಅಧಿಕಾರಿ. ಅವನು ದೋಣಿಯ ಪುಸ್ತಕಕ್ಕೆ ಮುದ್ರೆ ಒತ್ತಿದರೆ ಹೊರಡಬಹುದು, ಇಲ್ಲದಿದ್ದರೆ ವಾರವಿಡೀ ದಡದಲ್ಲಿ ಕೂತು ದೋಣಿ ನೋಡಬಹುದು. ದೋಣಿಯ ಸಿಬ್ಬಂದಿಯ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಎಪ್ಪತ್ತಮೂರು ವರ್ಷದ ನಾವಿಕಳನ್ನು ಅವನು ಮೇಲಿಂದ ಕೆಳಗೆ ನೋಡಿದ.

ತೆರಿಗೆ ರಸೀತಿ ಆಯಿತು, ವಿಮೆ ಆಯಿತು, ಅಳಿಯನ ಪರವಾನಗಿ ಆಯಿತು. ಟೇಪು ಹಿಡಿದು ಯಾರೂ ಬರಲಿಲ್ಲ.

"ನೋಂದಣಿ ಪತ್ರ. ಜೆರಾಕ್ಸ್ ಕೊಡಿ."

ಅಳಿಯ ಫೋನಿನಲ್ಲಿದ್ದ ಸ್ಕ್ಯಾನ್ ತೋರಿಸಿದರು. ಅವನು ತಲೆ ಅಲ್ಲಾಡಿಸಿದ. ಫೈಲಿನ ಪ್ಲಾಸ್ಟಿಕ್ಕಿನೊಳಗಿಂದ ಪತ್ರವನ್ನು ತಾನೇ ಎಳೆದು, ನೋಡದೆಯೇ ಮೂಲೆಯ ಹಳೆಯ ಯಂತ್ರದಲ್ಲಿ ಮಕಾಡೆ ಹಾಕಿ ಗುಂಡಿ ಒತ್ತಿದ. ಪ್ರತಿ ಹೊರಬಂತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಪ್ಪು ದುಂಡನೆಯ ಗುರುತು.

ಅಳಿಯ ಪ್ರತಿಯ ಕಡೆ ಬಗ್ಗಿ ನೋಡಿದರು. ಮಗಳು ಮೆಲ್ಲಗೆ, "ಅಮ್ಮಾ..." ಎಂದಳು. ನಾನು ಫ್ಯಾನು ನೋಡಿದೆ.

ಅಧಿಕಾರಿ ಪೆನ್ನಿನ ತುದಿಯಿಂದ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಅವನು ಇಂಗ್ಲಿಷ್‌ನಲ್ಲಿ, "ಈ ಜರ್ಮನ್ನರನ್ನು ಮೆಚ್ಚಬೇಕು! ಒಂದು ಕಾಗದಕ್ಕೆ ನಾಲ್ಕು ಮುದ್ರೆ! ನಾವು ಒಂದೇ ಒತ್ತುವುದು," ಎಂದು ತನ್ನದನ್ನು ಎತ್ತಿ ದೋಣಿಯ ಪುಸ್ತಕದ ಮೇಲೆ ಧಪ್ಪೆಂದು ಒತ್ತಿದ. ಅಂಥ ಇಂಪಾದ ಸದ್ದು ನಿವೃತ್ತಿಯಾದ ಮೇಲೆ ನಾನು ಕೇಳಿರಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ. ಎಲ್ಲವನ್ನೂ ಒಪ್ಪಿಕೊಂಡೆ, ಟೇಪಿನದ್ದನ್ನೂ ಸೇರಿಸಿ. ಅಳಿಯ ಪತ್ರ ತೆಗೆದು ನಾಲ್ಕು ಬೊಟ್ಟನ್ನೂ ನೋಡುತ್ತಿದ್ದಾಗ ಒಳಗಿಂದ ಅಧಿಕಾರಿಯ ಜೋರು ದನಿ ಕೇಳಿಸಿತು. ನಮ್ಮ ಹಿಂದೆ ಸಾಲಿನಲ್ಲಿದ್ದ ಉದ್ದನೆಯ ಜರ್ಮನ್ ಗಂಡಸಿನ ಸರದಿ ಅದು. ಅವನ ಫೈಲು ನಮ್ಮದಕ್ಕಿಂತ ದಪ್ಪ.

"ನಿಮ್ಮದಕ್ಕೆ ನಾಲ್ಕು ಮುದ್ರೆ ಎಲ್ಲಿ?"

"ಯಾವ ಮುದ್ರೆ?"

"ಅದೇ ದೇಶ, ಅದೇ ಪತ್ರ. ಈಗ ಹೋದವರದಕ್ಕೆ ನಾಲ್ಕಿದೆ, ನೋಡಿ. ನಿಮ್ಮದು ಅಪೂರ್ಣ!"

ಆ ಮನುಷ್ಯ ಬೆವರು ಸುರಿಸುತ್ತ ಓಡಿ ಬಂದ. ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಇಷ್ಟು ದಿನ ಕನ್ನಡಿಯಲ್ಲಿ ನಾನು ನೋಡಿದ್ದು ಅದೇ ಮುಖ.

"ಕ್ಷಮಿಸಿ, ಈ ನಾಲ್ಕು ಮುದ್ರೆ ಯಾವ ಕಚೇರಿಯಲ್ಲಿ ಹಾಕುತ್ತಾರೆ? ಮ್ಯೂನಿಕ್‌ನಲ್ಲಿ ಯಾರೂ ಹೇಳಲೇ ಇಲ್ಲ!"

ನಾನು ಕೈಚೀಲ ತೆರೆದು ಕುಂಕುಮದ ಭರಣಿ ಹೊರಗೆ ತೆಗೆದೆ.

"ಅತ್ತೆ, ಬೇಡ," ಎಂದರು ಅಳಿಯ.

ನಾನು ಮೆಟ್ಟಿಲ ಮೇಲೆ ನೆಟ್ಟಗೆ ಕೂತು, ಭರಣಿಯನ್ನು ಪಕ್ಕದಲ್ಲಿಟ್ಟುಕೊಂಡು, ಆ ಮನುಷ್ಯನನ್ನು ಕೇಳಿದೆ:

"ಒರಿಜಿನಲ್ ತಂದಿದ್ದೀರಾ?"