ಮನೆಗಾಡಿಯ ಕೆಂಪೆಣ್ಣೆ

ಆರಿಸುವುದು ನನ್ನಿಂದಾಗದ ಕೆಲಸ. ಸಂತೆಯಲ್ಲಿ ಎರಡು ಬಗೆಯ ಬದನೆಕಾಯಿ ಕಂಡರೆ ನಾನು ಬೆಂಡೆಕಾಯಿ ತಂದುಬಿಡುತ್ತೇನೆ. ನನ್ನ ಅಂಗಿಯ ಬಟ್ಟೆಯನ್ನು ಹೆಂಡತಿ ಗಿರಿಜಾ ಆರಿಸುತ್ತಾಳೆ. ಗಿರಿಜಾಳನ್ನು ನನ್ನ ಅವ್ವ ಆರಿಸಿದ್ದಳು. ಚನ್ನಗಿರಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಬೇಕೆಂದು ಆರಿಸಿದವರು ಹೆಡ್‌ಮಾಸ್ಟರು. ನಾನು ಗಣಿತ ಬೇಕೆಂದಾಗಲಿ ಬೇಡವೆಂದಾಗಲಿ ಬಾಯಿಬಿಟ್ಟಿರಲಿಲ್ಲ. ಹೀಗೆ ಯಾರ ತಂಟೆಗೂ ಹೋಗದೆ ಬದುಕಿಕೊಂಡಿದ್ದವನ ತಲೆಯ ಮೇಲೆ, ಒಂದು ಪರದೇಶಿ ಗಾಡಿಯ ಸ್ಟಿಯರಿಂಗಿಗೆ ಯಾವ ಎಣ್ಣೆ ಹಾಕಬೇಕೆಂಬ ಪ್ರಶ್ನೆ ಬಂದು ಕೂತಿತು. ದಯವಿಟ್ಟು ನಗಬೇಡಿ. ಒಗ್ಗರಣೆಗೆ ಶೇಂಗಾ ಎಣ್ಣೆ, ತಲೆಗೆ ಹರಳೆಣ್ಣೆ, ದೀಪಕ್ಕೆ ಎಳ್ಳೆಣ್ಣೆ ಎಂದು ಹಿರಿಯರು ಎಲ್ಲವನ್ನೂ ಗೊತ್ತುಮಾಡಿಟ್ಟು ಹೋಗಿದ್ದಾರೆ. ಸ್ಟಿಯರಿಂಗಿನ ವಿಚಾರವನ್ನು ಮಾತ್ರ ನನ್ನ ಪಾಲಿಗೆ ಬಿಟ್ಟಿದ್ದರು.

ಗಾಡಿ ತಂದವನು ನನ್ನ ಸೋದರಮಾವ ರುದ್ರಪ್ಪ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಅವನದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲುವೆ ಕೆಲಸಕ್ಕೆಂದು ಬಂದಿದ್ದ ಯಾವುದೋ ದೇಶದ ಇಂಜಿನಿಯರು ಬಿಟ್ಟುಹೋದ ಗಾಡಿಯೊಂದು ಹರಾಜಿಗೆ ಬಂತು. ನೋಡಲು ವ್ಯಾನು, ಒಳಗೆ ಹೊಕ್ಕರೆ ಮನೆ. ಒಂದು ಮಂಚ, ಒಂದು ಒಲೆ, ಕೈತೊಳೆಯಲು ಬೋಗುಣಿ, ಕಿಟಕಿಗೆ ಪರದೆ. ಊರಿನವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಮಾವನಿಗೇನು ತಲೆ ಕೆಟ್ಟಿದೆಯೇ ಎಂದು ಜನ ಆಡಿಕೊಂಡರೂ ಅವನು ಅದನ್ನು ಕೊಂಡದ್ದು ಆ ಮಂಚಕ್ಕಾಗಿ. ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಲಗಬಲ್ಲಳು, ನಾಲ್ಕು ಹೆಜ್ಜೆ ಹಾಕಬಲ್ಲಳು, ಬಸ್ಸಿನಲ್ಲಿ ಕೂರಲಾರಳು. ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಜಗಳೂರಿನಾಚೆ ಸೊಕ್ಕೆಯಲ್ಲಿದ್ದಳು. ಅವಳಿಗೆ ಕಣ್ಣು ಮಂಜಾಗಿ ಹೊಸ್ತಿಲು ದಾಟುವುದೇ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ವರ್ಷಗಳಾಗಿದ್ದವು. "ಅಕ್ಕನ್ನ ಒಂದ್ಸಲ ನೋಡಿಬಿಟ್ರೆ ನಂಗೆ ಇನ್ನೇನೂ ಬ್ಯಾಡ ಕಣ್ರೋ" ಎಂದು ಅವ್ವ ದಿನಾ ಅನ್ನುತ್ತಿದ್ದಳು. ಮಾವ ಅದನ್ನು ಕೇಳಿ ಕೇಳಿ ಕೊನೆಗೆ ಒಂದು ಮಂಚಕ್ಕೆ ನಾಲ್ಕು ಚಕ್ರ ಹುಡುಕಿ ತಂದ.

ಗಾಡಿ ಬಂದ ದಿನ ಮನೆಯ ಹೆಂಗಸರು ಅರಿಶಿನ ಸುಣ್ಣ ಕಲಸಿದ ಕೆಂಪುನೀರಿನ ಆರತಿ ಎತ್ತಿ, ಮುಂದಿನ ಚಕ್ರದ ಬಳಿ ಚೆಲ್ಲಿದರು. ಊರ ಕಣ್ಣೆಲ್ಲ ಅದರ ಮೇಲೆಯೇ ಇದ್ದದ್ದರಿಂದ, ಮಾವ ಗಾಡಿಯನ್ನು ಬಸ್‌ ಸ್ಟ್ಯಾಂಡಿನವರೆಗೆ ಓಡಿಸಿಕೊಂಡು ಬಂದಾಗಲೆಲ್ಲ ಮತ್ತೆ ಆರತಿ, ಮತ್ತೆ ಕೆಂಪುನೀರು. ಹಾಗಾಗಿ ಚಕ್ರದ ಬಳಿ ನೆಲ ಯಾವಾಗಲೂ ಕೆಂಪಾಗಿಯೇ ಇರುತ್ತಿತ್ತು. ಗಾಡಿಯ ಹೊಟ್ಟೆಯಿಂದಲೂ ಕೆಂಪಗಿನ ಎಣ್ಣೆಯೊಂದು ತೊಟ್ಟಿಕ್ಕುತ್ತಿದೆಯೆಂದು ಯಾರಿಗೆ ತಿಳಿಯಬೇಕು? ನಾನಂತೂ ಒಂದು ದಿನ ಬಗ್ಗಿ ನೋಡಿ, "ಆರತಿ ಇನ್ನೂ ಒಣಗಿಲ್ಲ" ಎಂದು ಭಕ್ತಿಯಿಂದ ಪಕ್ಕಕ್ಕೆ ಸರಿದು ನಡೆದಿದ್ದೆ. ಒಂದು ಬೆಳಿಗ್ಗೆ ಸ್ಟಿಯರಿಂಗು ಅಲ್ಲಾಡಲೇ ಇಲ್ಲ. ಮಾವ ಹಲ್ಲು ಕಚ್ಚಿ ತಿರುಗಿಸಿದ. ಚಕ್ರ ಬೇಕೋ ಬೇಡವೋ ಎಂಬಂತೆ ಒಂದಿಷ್ಟು ಹೊರಳಿ ನಿಂತಿತು. ಗ್ಯಾರೇಜಿನ ಬಾಬಾಸಾಬ್ ಕೆಳಗೆ ತೂರಿ, ಸಡಿಲವಾಗಿದ್ದ ಪೈಪನ್ನು ಬಿಗಿಮಾಡಿ ಎದ್ದುಬಂದರು. "ಪೈಪು ಸರಿ ಆಯ್ತು. ಈ ಗಾಡೀಲಿ ಸ್ಟಿಯರಿಂಗ್ ತಿರುಗ್ಸಾಕೂ ಎಣ್ಣೆ ಬೇಕಂತೆ ನೋಡ್ರಿ. ಯಾವ ಎಣ್ಣೆ ಅಂತ ನಂಗೂ ಗೊತ್ತಿಲ್ಲ. ನಮ್ಮ ಲಾರಿಗೆಲ್ಲ ತೋಳೇ ಎಣ್ಣೆ" ಎಂದರು. ಎಣ್ಣೆ ಹುಯ್ಯುವ ಡಬ್ಬಿಯ ಮುಚ್ಚಳದ ಮೇಲೆ ಏನೋ ಬರೆದಿತ್ತು. ಅದು ಇಂಗ್ಲಿಷ್ ಆಗಿದ್ದರೆ ಓದಿಬಿಡುತ್ತಿದ್ದೆ. ಅಲ್ಲ ಎನ್ನುವಷ್ಟು ಮಾತ್ರ ನನಗೆ ತಿಳಿಯಿತು.

ದಾವಣಗೆರೆಯ ಸ್ಪೇರ್ ಅಂಗಡಿಯವರು, ಮುಂಬಯಿಗೆ ಹೇಳಿಕಳಿಸಬೇಕು, ಯಾವ ಎಣ್ಣೆಯೆಂದು ನೀವೇ ಹೇಳಬೇಕು ಎಂದರು. ಆಗ ಗಿರಿಜಾ ದಾರಿ ತೋರಿಸಿದಳು: "ಸೀರೆಗೆ ಕುಪ್ಪಸದ ಬಟ್ಟೆ ತರೋವಾಗ ಸೀರೆ ಒಯ್ಯಲ್ವಾ? ಹಂಗೇ ಮಾಡ್ರಿ. ತಳದಾಗೆ ಉಳಿದಿರೋ ಎಣ್ಣೆ ಒಯ್ದು ಮ್ಯಾಚಿಂಗ್ ನೋಡ್ರಿ." ಕೆಮ್ಮಿನ ಔಷಧದ ಖಾಲಿ ಬಾಟಲಿಯಲ್ಲಿ ಒಂದು ಗುಟುಕಿನಷ್ಟು ಕೆಂಪೆಣ್ಣೆ ತುಂಬಿಕೊಂಡು ನಾನು ಹೊರಟೆ. ಹೊನ್ನಾಳಿ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಬಾಟಲಿಯನ್ನೇ ನೋಡಿ, "ಮಕ್ಕಳಿಗೇನ್ರೀ? ಇದು ಕುಡಿದ್ರೆ ಹಸಿವಾಗ್ತೈತಾ?" ಎಂದು ಕೇಳಿದಳು. "ಇಲ್ಲಮ್ಮ, ಗಾಡಿಗೆ" ಎಂದೆ. ಆಕೆ ಮಗುವನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು. ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯವರು ಬ್ರೇಕ್ ಆಯಿಲ್ ಹಾಕಿ ಎಂದರು. ಅವರ ಎದುರಂಗಡಿಯವರು, ಹಾಕಿದರೆ ರಬ್ಬರೆಲ್ಲ ತಿಂದುಹಾಕುತ್ತದೆ ಎಂದು ಹೆದರಿಸಿದರು. ನ್ಯಾಮತಿಯಲ್ಲಿ ಬಸ್ ಡ್ರೈವರೊಬ್ಬರು ನನ್ನ ತೋಳು ಹಿಸುಕಿ ನೋಡಿ, "ಎಣ್ಣೆ ಗಾಡಿಗಲ್ಲ ಮೇಷ್ಟ್ರೇ, ನಿಮಗೆ ಹಚ್ಚಬೇಕು" ಎಂದರು. ಸವಳಂಗದಲ್ಲಿ ಮಾವನ ಪರಿಚಯದ ಹಿರಿಯರೊಬ್ಬರು ಬಾಟಲಿ ಮೂಸಿ, ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಯಾವುದಕ್ಕೂ ಹರಳೆಣ್ಣೆ ತಂಪು ಎಂದು ತೀರ್ಪು ಕೊಟ್ಟರು. ಎಲ್ಲರಿಗೂ ನಾನು "ಹೌದು ಹೌದು" ಎಂದೆ. ಎಲ್ಲರ ಮಾತೂ ನನಗೆ ಸರಿಯೆಂದೇ ಕಂಡಿತು. ಮನೆಗೆ ಬಂದಾಗ ನನ್ನ ಚೀಲದಲ್ಲಿ ಬೇರೆ ಬೇರೆ ಎಣ್ಣೆಗಳಿದ್ದವು, ತಲೆಯಲ್ಲಿ ಒಂದೂ ತೀರ್ಮಾನವಿರಲಿಲ್ಲ. ಅವನ್ನು ಸಾಲಾಗಿ ಜಗಲಿಯ ಮೇಲಿಟ್ಟು, ತಪ್ಪು ಎಣ್ಣೆ ಬಿದ್ದರೆ ಏನೇನು ಅನಾಹುತವಾದೀತೆಂದು ಮನೆಯವರಿಗೆಲ್ಲ ಗಂಭೀರವಾಗಿ ವಿವರಿಸುತ್ತಾ ಕೂತೆ. ಅವ್ವ ಮಲಗಿದಲ್ಲಿಂದಲೇ ಕೇಳುತ್ತಿದ್ದಳು.

ಅಷ್ಟರಲ್ಲಿ ಸೊಕ್ಕೆಯ ಕಡೆಯವರೊಬ್ಬರು ಬಂದು, ದೊಡ್ಡವ್ವ ಊಟ ಬಿಟ್ಟಿದ್ದಾಳೆ, ಬಾಗಿಲಲ್ಲಿ ಸಪ್ಪಳವಾದರೆ "ಗೌರಿ ಬಂದ್ಲೇನು?" ಅನ್ನುತ್ತಾಳೆ ಎಂದು ಹೇಳಿಹೋದರು. ಗೌರಿ ಎಂದರೆ ನಮ್ಮವ್ವ. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಮಾವ ಎದ್ದು ನಿಂತು, "ನಿನ್ನ ಎಣ್ಣೆ ಪುರಾಣಕ್ಕೆ ಬೆಂಕಿ ಬೀಳಲಿ. ಎಣ್ಣೇನೂ ಬ್ಯಾಡ, ಏನೂ ಬ್ಯಾಡ. ಏಳೋ, ಇಬ್ರೂ ಹಿಡ್ಕಂಡು ತಿರುಗ್ಸಾನ" ಎಂದ. ಬೇಸಿಗೆ ರಜೆ ಶುರುವಾಗಿತ್ತು. ನನಗೆ ನೆಪ ಹೇಳಲೂ ಅವಕಾಶವಿರಲಿಲ್ಲ.

ಒಂದು ಸ್ಟಿಯರಿಂಗಿಗೆ ಇಬ್ಬರು ಗಂಡಸರು ಜೋತುಬಿದ್ದು ಹೋದದ್ದನ್ನು ಆ ದಾರಿಯ ಜನ ಅದಕ್ಕೆ ಮೊದಲು ನೋಡಿರಲಾರರು. ಮಾವ ಎಳೆಯುವುದು, ನಾನು ತಳ್ಳುವುದು. ಎಡಕ್ಕೆ ತಿರುಗಬೇಕಾದರೆ ಇಬ್ಬರೂ ಮುಂಚಿತವಾಗಿ ಮಾತಾಡಿಕೊಂಡು ಒಪ್ಪಂದಕ್ಕೆ ಬರಬೇಕು. ಹಿಂದೆ ಮಂಚದ ಮೇಲಿಂದ ಅವ್ವ, "ಅವಸರ ಮಾಡಬ್ಯಾಡ್ರಪ್ಪ. ಈಗ ಒಂದು ಎತ್ತಿನ ಗಾಡಿ ನಮ್ಮನ್ನ ದಾಟಿ ಹೋತು, ಹೋಗ್ಲಿ ಬಿಡ್ರಿ" ಎಂದು ಸಮಾಧಾನ ಹೇಳುತ್ತಿದ್ದಳು. ಜಗಳೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ನಮ್ಮ ಒಪ್ಪಂದ ತಡವಾಗಿ, ಗಾಡಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಮಾವ ಬೆವರು ಒರೆಸಿಕೊಂಡು, ಎಣ್ಣೆ ಸಿಗುವವರೆಗೆ ಈ ಗಾಡಿಯನ್ನು ವಾಪಸು ಓಡಿಸುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದ.

ಸೊಕ್ಕೆಯಲ್ಲಿ ಗಾಡಿಯನ್ನು ಮನೆಯ ಬಾಗಿಲಿಗೇ ತಂದು ನಿಲ್ಲಿಸಿದೆವು. ದೊಡ್ಡವ್ವ ಗೋಡೆ ಹಿಡಿದುಕೊಂಡು ಬಂದಳು. ಗಾಡಿಯ ತಗಡು ಸವರಿದಳು, ಕಿಟಕಿಯ ಪರದೆ ಮುಟ್ಟಿದಳು. "ಇದೇನೇ ಗೌರಿ, ಮನೀನೇ ಹೊತ್ಕಂಡು ಬಂದೀಯಲ್ಲೇ!" ಎಂದಳು. ಆಮೇಲೆ ಒಳಗೆ ಕೈಚಾಚಿ ತಂಗಿಯ ಮುಖ ತಡವಿದಳು. ಮಾವ ಟೈರು ನೋಡುವವನಂತೆ ಆ ಕಡೆ ಹೋದ. ನಾನೂ ಟೈರು ನೋಡಲು ಹೋದೆ. ಅಂದಿನಿಂದ ದೊಡ್ಡವ್ವ ಗಾಡಿಯಲ್ಲೇ ಉಳಿದಳು. ಒಂದೇ ಮಂಚದಲ್ಲಿ ಅಕ್ಕತಂಗಿಯರಿಬ್ಬರೂ ಮಲಗಿ, ಸತ್ತವರನ್ನೂ ಇದ್ದವರನ್ನೂ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದರು. ಅವ್ವ ಕಲಸಿ ಕೊಟ್ಟ ತುತ್ತನ್ನು ದೊಡ್ಡವ್ವ ಬೇಡವೆನ್ನದೆ ತಿಂದಳು.

ಎರಡು ದಿನ ಕಳೆಯುವುದರೊಳಗೆ ಮಾವನಿಗೆ ಅಡಿಕೆ ಮಂಡಿಯ ನೆನಪಾಯಿತು. ಜಗಳೂರಿಗೆ ಹೋಗಿ, ಬೋರ್‌ವೆಲ್ ಕೊರೆಯಲು ಬಂದಿದ್ದ ಪರದೇಶಿ ಲಾರಿಯೊಂದನ್ನು ಕಂಡು, ಅದರ ಡ್ರೈವರನ್ನೂ ಒಂದು ಡಬ್ಬಿಯನ್ನೂ ಜೊತೆಯಲ್ಲೇ ಕರೆತಂದ. "ನಮ್ಮ ಲಾರಿಗೂ ಇದನ್ನೇ ಹುಯ್ಯೋದ್ರೀ" ಎಂದು ಡ್ರೈವರು ಮುಚ್ಚಳ ತೆಗೆದ. ಮಾವ ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ನೋಡೋ, ಇದೇ ಹೌದಲ್ವಾ? ಹೌದಾದ್ರೆ ಈಗ್ಲೇ ಹುಯ್ದು ಹೊರಟುಬಿಡಾನ" ಎಂದ.

ಒಂದು ತೊಟ್ಟನ್ನು ಬೆರಳಿಗೆ ಹಚ್ಚಿಕೊಂಡೆ. ಅದೇ ಕೆಂಪು, ಅದೇ ಔಷಧದಂಥ ವಾಸನೆ, ಅದೇ ನುಣುಪು. ಕುರುಡನಿಗೂ ಗೊತ್ತಾಗುವಂತಿತ್ತು. ತಲೆಯೆತ್ತಿದರೆ ಗಾಡಿಯೊಳಗೆ ದೊಡ್ಡವ್ವ ಅವ್ವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವ್ವ ನನ್ನನ್ನೇ ನೋಡುತ್ತಿದ್ದಳು.

ಬೆರಳನ್ನು ಬಿಸಿಲಿಗೆ ಹಿಡಿದೆ. ಮತ್ತೊಮ್ಮೆ ಮೂಸಿದೆ. ತಲೆಯಾಡಿಸಿ, "ಇದಲ್ಲ ಮಾವ. ಇದು ಒಂಚೂರು ತೆಳು. ಹಾಕಿದರೆ ಒಳಗಿನದೆಲ್ಲ ಹಾಳಾಗುತ್ತೆ" ಎಂದೆ.

ಡ್ರೈವರಿಗೆ ರೇಗಿಹೋಯಿತು. "ಏನ್ರೀ ಮೇಷ್ಟ್ರೇ, ದಿನಾ ಹುಯ್ಯೋನು ನಾನು! ನಿಮಗೇನ್ರೀ ಗೊತ್ತೈತೆ ಎಣ್ಣೆ ವಿಷಯ?"

"ಹಂಗನ್ನಬ್ಯಾಡಪ್ಪ" ಎಂದಳು ಅವ್ವ ಒಳಗಿನಿಂದ. "ನನ್ನ ಮಗ ಊರೂರು ತಿರುಗಿ ಎಣ್ಣೆ ಓದ್ಕಂಡಾನೆ."

ಮಾವ ನನ್ನನ್ನು ನೋಡಿದ, ತನ್ನ ಅಕ್ಕಂದಿರನ್ನು ನೋಡಿದ, ಮುಚ್ಚಳ ಹಾಕಿದ. "ನಂಗೂ ಹಂಗೇ ಅನ್ನಿಸ್ತು, ತೆಳು ಐತೆ" ಎನ್ನುತ್ತಾ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಮಂಡಿಗೆ ಹೋದ.

ಆ ಬೇಸಿಗೆಯ ನಂತರ ಅಕ್ಕತಂಗಿಯರಿಬ್ಬರೂ ಮತ್ತೆ ಸೇರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ದೊಡ್ಡವ್ವ ಹೋಗಿಬಿಟ್ಟಳು. ಯಾರ ಸಲಹೆಯನ್ನೂ ಕೇಳದೆ ನಾನೊಬ್ಬನೇ ಮಾಡಿದ ಆಯ್ಕೆ ಈ ಜನ್ಮದಲ್ಲಿ ಅದೊಂದೇ. ಅದೂ ಶುದ್ಧ ತಪ್ಪು ಎಂದು ಆ ಡ್ರೈವರು ಜಗಳೂರಿನಲ್ಲೆಲ್ಲ ಹೇಳಿಕೊಂಡು ತಿರುಗಿದನಂತೆ. ಅವನ ಮಾತು ನಿಜ. ಸರಿಯಾದ ಎಣ್ಣೆ ನನಗೆ ಸಿಕ್ಕಿದ್ದು ಶಾಲೆ ಶುರುವಾಗುವ ಹಿಂದಿನ ದಿನ, ಮಂಚದ ಕೆಳಗೆ.