ಮಾವನ ನಾಟಕದಲ್ಲಿ ದೇಯಕ್ಕನ ಮಗ

ನಮ್ಮ ಸೋದರಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಾಟಕ ಬರೆಯುವ ಹುಚ್ಚು ಹತ್ತಿದವರಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಬೇಕೆ?

ಯುದ್ಧ ಮುಗಿದು, ರೇಷನ್ ಮಾತ್ರ ಮುಗಿಯದೆ ಉಳಿದಿದ್ದ ಕಾಲ ಅದು. ಊರಿಗೆ ಊರೇ ರಾಮ, ರಾವಣ, ಕೀಚಕ ಎಂದು ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡುತ್ತಿದ್ದರೆ, ಹೊಸಂಗಡಿಯ ಶಾಲೆಯಲ್ಲಿ ಮಾಷ್ಟ್ರಾಗಿದ್ದ ನಮ್ಮ ಮಾವನಿಗೆ ಬೇರೆಯೇ ಚಿಂತೆ. ರಾವಣನ ಪರವಾಗಿ ಮಾತಾಡಲು ಬೇಕಾದಷ್ಟು ಜನ ಇದ್ದಾರೆ, ನಮ್ಮ ಬಸ್ಸಿನ ಡ್ರೈವರನ ಪರವಾಗಿ ಯಾರಿದ್ದಾರೆ ಎಂಬುದು ಅವರ ವಾದ. ಶಾಲೆ ಬಿಟ್ಟ ಕೂಡಲೇ ಕೊಡೆ ಹಿಡಿದು ಮನೆಮನೆಗೆ ಹೊರಡುವರು. ಜಗಲಿಯಲ್ಲಿ ಕೂತು, ಮನೆಯಲ್ಲಿ ಯಾರೆಲ್ಲ ಇದ್ದೀರಿ, ಎಂತ ಉಣ್ಣುತ್ತೀರಿ, ಯಾರ ಮೇಲೆ ಸಿಟ್ಟು ಉಂಟು ಎಂದೆಲ್ಲ ಕೇಳುವರು. ಜನ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ನಾಟಕ ಮಾಡುವರು. ಅದರಲ್ಲಿ ಒಂದು ಮಾತು ಸ್ವಂತದ್ದು ಸೇರಿಸಿದರೂ ಅವರ ಲೆಕ್ಕದಲ್ಲಿ ಅದು ಕಳ್ಳತನ!

ಅತ್ತೆಯ ಪಾಡು ಕೇಳಲೇಬೇಡಿ. ಮನೆಯಲ್ಲಿ ಉಪ್ಪಿಲ್ಲ, ಮೆಣಸಿಲ್ಲ, ಇವರು ಕಂಡವರ ಜಗಲಿಯಲ್ಲಿ ಕೂತು ಬರುತ್ತಾರೆ ಎಂದು ಅವರು ಒಮ್ಮೆ ಜೋರು ಮಾಡುತ್ತಿದ್ದಾಗ ಮಾವ ತಲೆ ತಗ್ಗಿಸಿ ಕೂತಿದ್ದರು. ಪಶ್ಚಾತ್ತಾಪ ಪಡುತ್ತಿದ್ದರು ಎಂದುಕೊಂಡಿರಾ? ಬರೆದುಕೊಳ್ಳುತ್ತಿದ್ದರು!

“ಸ್ವಲ್ಪ ನಿಧಾನ ಮಾಡು ಮಾರಾಯ್ತಿ,” ಎಂದರು ಮಾವ. “ಮೆಣಸಿಲ್ಲ ಅಂದ ಮೇಲೆ ಎಂತ ಹೇಳಿದ್ದು?”

ಅತ್ತೆಗೆ ನೆನಪಾಗಲಿಲ್ಲ. ಜಗಳ ಅಲ್ಲಿಗೇ ನಿಂತಿತು.

ಅವರ ಮೊದಲ ನಾಟಕ ಇದ್ದಿಲಿನ ಬಸ್ಸಿನದು. ಪೆಟ್ರೋಲು ಸಿಕ್ಕದೆ ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ಮಂಗಳೂರು ಬಸ್ಸು ಏರು ಬಂದರೆ ನಿಂತುಬಿಡುತ್ತಿತ್ತು. ಹತ್ತಿದವರೆಲ್ಲ ಇಳಿದು ನೂಕಬೇಕು. ಶಾಲೆಯ ಬೆಂಚುಗಳನ್ನೇ ಬಸ್ಸು ಮಾಡಿ ನಾವೂ ನೂಕಿದೆವು. ಯಾರ ಕಥೆಯೋ ಅವರನ್ನೇ ಎದುರಿನ ಸಾಲಿನಲ್ಲಿ ಕೂರಿಸುವುದು, ತಪ್ಪು ಕಂಡರೆ ಅವರು ಎದ್ದು ಹೇಳುವುದು ಮಾವನ ಪದ್ಧತಿ. ಡ್ರೈವರ್ ಎದ್ದೇಬಿಟ್ಟ. ಆ ಗುಡ್ಡೆಯನ್ನು ಬಸ್ಸು ಇಷ್ಟು ಬೇಗ ಹತ್ತುವುದಿಲ್ಲ ಮಾಷ್ಟ್ರೇ ಎಂದ. ಮಾವ ನಾಟಕ ನಿಲ್ಲಿಸಿ, ಬಸ್ಸನ್ನು ಗುಡ್ಡೆಯ ಬುಡಕ್ಕೆ ತರಿಸಿ, ಮತ್ತೆ ನೂಕಿಸಿದರು. ಇನ್ನೂ ನಿಧಾನ ಎಂದ ಡ್ರೈವರ್. ನಮ್ಮ ಬಸ್ಸು ಮಂಗಳೂರು ಮುಟ್ಟುವಾಗ ನೋಡಲು ಬಂದವರಲ್ಲಿ ಅರ್ಧ ಜನ ಮನೆ ಮುಟ್ಟಿದ್ದರು.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ಎರಡನೆಯ ನಾಟಕಕ್ಕೆ ಅಕ್ಕಿಯ ವಿಷಯ ಹಿಡಿದರು. ಮಂಜೇಶ್ವರದ ಹೊಳೆಯ ಬದಿಯಲ್ಲಿ ಚಾಪೆ ಹೆಣೆದು ಮಾರುತ್ತಿದ್ದ ದೇಯಕ್ಕ ಎಂಬ ಮುದುಕಿಯನ್ನು ಮಾತಾಡಿಸಿದರು. ಮನೆಯಲ್ಲಿ ನಾನು ಮತ್ತು ಮಗ, ಮಗನಿಗೆ ಹಸಿವು ಜಾಸ್ತಿ ಎಂದು ಅವಳು ಹೇಳಿದಳು. ಮಾವ ಹಾಗೆಯೇ ಬರೆದುಕೊಂಡರು. ಆ ಕಾಲದಲ್ಲಿ ಹೊರಗಿನವರೊಬ್ಬರು ಬಂದು ಮನೆಯಲ್ಲಿ ಯಾರೆಲ್ಲ ಇದ್ದೀರಿ, ಎಂತ ಉಣ್ಣುತ್ತೀರಿ ಎಂದು ಕೇಳಿದರೆ ಜನ ಅವರನ್ನು ಯಾರೆಂದು ತಿಳಿಯುತ್ತಾರೆ? ರೇಷನಿನವರೆಂದೇ! ನಮ್ಮ ಮಾವನಿಗೆ ಇದೊಂದು ಹೊಳೆಯಲಿಲ್ಲ. ದೇಯಕ್ಕ ತನ್ನ ಕಾರ್ಡಿನಲ್ಲಿ ಹೇಗೆ ಬರೆಸಿದ್ದಳೋ ಹಾಗೆ ಹೇಳಿದ್ದಳು, ಅಷ್ಟೆ.

ಒಂದು ಆದಿತ್ಯವಾರ ಸಂಜೆ ಶಾಲೆಯಲ್ಲಿ ನಾಟಕ. ದೇಯಕ್ಕನ ಪಾತ್ರ ಹೊಸಂಗಡಿಯ ಅಂಗಡಿಯವನೊಬ್ಬನದು. ಸೀರೆ ಉಡಲು ಒಪ್ಪಿದ್ದ, ಮೀಸೆ ತೆಗೆಯಲು ಒಪ್ಪಿರಲಿಲ್ಲ. ಎದುರು ಕೂತಿದ್ದ ನಿಜವಾದ ದೇಯಕ್ಕ ಎದ್ದು, “ನನಗೆ ಮೀಸೆ ಎಲ್ಲಿ ಉಂಟು ಮಾಷ್ಟ್ರೇ?” ಎಂದು ಕೇಳಿದಳು. ಸತ್ಯ ಸತ್ಯವೇ ಅಲ್ಲವೇ? ಅಂಗಡಿಯವ ಉಳಿದ ನಾಟಕವಿಡೀ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದ. ಜನ ಅದನ್ನು ದುಃಖ ಎಂದುಕೊಂಡು ಕಣ್ಣೊರೆಸಿಕೊಂಡರು.

ಮಗನ ಪಾತ್ರ ನನ್ನದು. ನಾನು ಬಂದು ಬರಿಯ ಎಲೆಯ ಮುಂದೆ ಕೂತೆ. ಸಭೆಯಲ್ಲಿ ಗುಸುಗುಸು ಎದ್ದಿತು. ದೇಯಕ್ಕನ ಮಗ ಯುದ್ಧಕ್ಕೆ ಮೊದಲೇ ರಂಗೂನಿನ ಹೋಟೆಲಿಗೆ ಕೆಲಸಕ್ಕೆ ಹೋದವನಲ್ಲವೋ, ಅಲ್ಲಿ ಬಾಂಬು ಬಿದ್ದ ಮೇಲೆ ಸುದ್ದಿಯೇ ಇಲ್ಲವಲ್ಲ ಎಂದು ಯಾರೋ ಹಿಂದಿನಿಂದ ಹೇಳಿದ್ದು ನನಗೂ ಕೇಳಿಸಿತು. ಕೇಳಿಸಬಾರದವರಿಗೂ ಕೇಳಿಸಿತು. ಅಕ್ಕಿಯ ನಾಟಕಕ್ಕೆ ಅಕ್ಕಿಯವರು ಬೇಡವೇ ಎಂದು ಮಾವ ರೇಷನ್ ಇನ್‌ಸ್ಪೆಕ್ಟರನ್ನೇ ಕರೆದು, ಕುರ್ಚಿ ಹಾಕಿ ಕೂರಿಸಿದ್ದರು!

ಇನ್‌ಸ್ಪೆಕ್ಟರ್ ಎದ್ದು ನಿಂತರು. ಈ ಮಗ ಈಗ ಮನೆಯಲ್ಲಿ ಇದ್ದಾನೋ ಎಂದು ಕೇಳಿದರು. ಇಲ್ಲ ಎಂದಾದರೆ ಅವನ ಪಾಲಿನ ಅಕ್ಕಿ ಹೋದಂತೆ. ಸುಳ್ಳು ಬರೆಸಿದ್ದಕ್ಕೆ ಕಾರ್ಡೇ ಹೋದರೂ ಹೋಯಿತು. ದೇಯಕ್ಕನ ಮುಖ ಬಿಳುಚಿಕೊಂಡಿತು.

ಮಾವ ಪರದೆಯ ಬದಿಯಿಂದ ಈಚೆ ಬಂದರು.

“ಮಗನ ವಿಷಯ ಅವಳು ಹೇಳಿದ್ದಲ್ಲ ಸ್ವಾಮೀ,” ಎಂದರು. “ನಾಟಕಕ್ಕೆ ಬೇಕೂಂತ ನಾನೇ ಕಟ್ಟಿದ್ದು.”

ನಮ್ಮ ಮಾವ! ಹುಟ್ಟಿದ ಮೇಲೆ ಮೊದಲ ಸುಳ್ಳು, ಅದೂ ಇಡೀ ಊರಿನ ಎದುರಿಗೆ. ನನಗೆ ಅವರ ಮೇಲೆ ಅಷ್ಟು ಪ್ರೀತಿ ಬೇರೆಂದೂ ಉಕ್ಕಿದ್ದಿಲ್ಲ. ಇನ್‌ಸ್ಪೆಕ್ಟರ್ ನಂಬಿದಂತೆಯೇ ತಲೆಯಾಡಿಸಿದರು. ದೇಯಕ್ಕ ಸುಮ್ಮನೆ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವಳು ಕೂರಲಿಲ್ಲ.

“ಕಟ್ಟಿದ್ದಲ್ಲ ಮಾಷ್ಟ್ರೇ, ನಾನು ಹೆತ್ತದ್ದು,” ಎಂದಳು. ಆಮೇಲೆ ಇನ್‌ಸ್ಪೆಕ್ಟರ ಕಡೆಗೆ ತಿರುಗಿದಳು. “ಅಕ್ಕಿ ಬೇಕಾದರೆ ಕಡಿಮೆ ಮಾಡಿ ಸ್ವಾಮೀ. ಅವನ ಹೆಸರು ಮಾತ್ರ ಹೊಡೆದು ಹಾಕಬೇಡಿ.”

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಇವತ್ತು ನಾನು ನಾಟಕ ನೋಡಲು ಬಂದವ, ಮುಂದುವರಿಸಿ ಎಂದು ಹೇಳಿ ಕೂತರು. ಆ ಹೆಸರನ್ನು ಅವರು ಕೊನೆಗೂ ಹೊಡೆದು ಹಾಕಲಿಲ್ಲ.

ಮುಂದುವರಿಸುವುದು ಹೇಗೆ? ಅಂಗಡಿಯವನಿಗೆ ಮಾತು ಮರೆತುಹೋಗಿತ್ತು. ಅಷ್ಟರಲ್ಲಿ ದೇಯಕ್ಕ ತಾನೇ ರಂಗ ಹತ್ತಿ ಬಂದಳು. ಅವನು ಹೀಗೆ ಚಕ್ಕಳಮಕ್ಕಳ ಹಾಕುವುದಿಲ್ಲ ಎನ್ನುತ್ತ ನನ್ನ ಒಂದು ಮೊಣಕಾಲನ್ನು ಎತ್ತಿ ಮಡಿಸಿ ಕೂರಿಸಿದಳು. ಆಮೇಲೆ ಇಲ್ಲದ ಪಾತ್ರೆಯಿಂದ ಇಲ್ಲದ ಅನ್ನ ತೆಗೆದು ಎಲೆಗೆ ಬಡಿಸಿದಳು. ನಾನು ಉಂಡೆ. ಮಾವ ಪರದೆಯ ಹಗ್ಗ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದರು; ಎಳೆಯಬೇಕೆಂದು ಅವರಿಗೆ ತೋಚಲೇ ಇಲ್ಲ.

ದೇಯಕ್ಕ ನನ್ನ ಮುಖವನ್ನೇ ನೋಡುತ್ತ, ಇನ್ನು ಸ್ವಲ್ಪ ಬಡಿಸಲಾ ಎಂದು ಕೇಳಿದಳು.

“ಹೊಟ್ಟೆ ತುಂಬಿತಮ್ಮಾ,” ಎಂದೆ.